ಜಿಂಕೆ ಬೇಟೆಗೆ ಯಾವ ಗುಂಡು? ತೋಟಾ ಪೆಟ್ಟಿಗೆಯನ್ನು ಓದುವ ಬಗೆ

ಅಮೆರಿಕದ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಮಿನ್ನೆಸೋಟಾ ಕಡೆ ನೆಲೆಸಿದ ಕನ್ನಡಿಗರಿಗೆ ನವೆಂಬರ್ ಬಂತೆಂದರೆ ಊರಿನ ಚಹರೆಯೇ ಬದಲಾದಂತೆ ಕಾಣುತ್ತದೆ. ಕಚೇರಿಯಲ್ಲಿ ಅರ್ಧದಷ್ಟು ಮಂದಿ ರಜೆ ಹಾಕಿರುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿಯವರು ಕಾಫಿ ಹಿಡಿದು ನಿಂತಿರುತ್ತಾರೆ. ಪಕ್ಕದ ಮನೆಯವರು ಬಿಳಿ ಕಾಗದದಲ್ಲಿ ಸುತ್ತಿದ ಜಿಂಕೆ ಮಾಂಸವನ್ನು ಪ್ರೀತಿಯಿಂದ ತಂದುಕೊಡುತ್ತಾರೆ. ಪೆನ್ಸಿಲ್ವೇನಿಯಾದಲ್ಲಂತೂ ಜಿಂಕೆ ಬೇಟೆ ಶುರುವಾಗುವ ಹೊತ್ತಿಗೆ ಹಲವು ಶಾಲೆಗಳಿಗೆ ರಜೆ ಕೊಡುವ ವಾಡಿಕೆ ಬಹುಕಾಲದಿಂದ ಇದೆ.

ನಮ್ಮಲ್ಲಿ ಹೆಚ್ಚಿನವರಿಗೆ ಈ ಲೋಕ ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಭಾರತದಲ್ಲಿ ಜಿಂಕೆ, ಕಡವೆಗಳನ್ನು ಹೊಡೆಯುವುದು ಅಪರಾಧ. ಅಮೆರಿಕದ ಪರಿಸ್ಥಿತಿ ಬೇರೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಕೆಲವೇ ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆಗಳು ಈಗ ಸುಮಾರು 3 ಕೋಟಿಗೆ ಏರಿವೆ. ಅವನ್ನು ತಿನ್ನುತ್ತಿದ್ದ ತೋಳಗಳು ಬಹುಪಾಲು ಕಡೆ ಇಲ್ಲವಾಗಿವೆ. ಹಾಗಾಗಿ ಪ್ರತಿ ರಾಜ್ಯವೂ ಲೆಕ್ಕ ಹಾಕಿ, ಪರವಾನಗಿ ಕೊಟ್ಟು, ಋತು ಗೊತ್ತುಮಾಡಿ ಬೇಟೆಗೆ ಬಿಡುತ್ತದೆ. ಬಂದೂಕು, ತೋಟಾಗಳ ಮೇಲಿನ ಫೆಡರಲ್ ತೆರಿಗೆಯ ಹಣ 1937ರ ಕಾಯ್ದೆಯಂತೆ ಕಾಡುಪ್ರಾಣಿಗಳ ರಕ್ಷಣೆಗೇ ಹೋಗುತ್ತದೆ.

ಇಂಥ ಊರಿನಲ್ಲಿ ಬಾಳುವಾಗ ಎರಡು ಪ್ರಶ್ನೆಗಳು ಎದುರಾಗುತ್ತವೆ. ಪರವಾನಗಿ ಪಡೆದು ಕಾಡಿಗೆ ಹೊರಟವರಿಗೆ ಅಂಗಡಿಯ ಗೋಡೆಯುದ್ದಕ್ಕೂ ಪೇರಿಸಿದ ನೂರಾರು ಬಗೆಯ ಪೆಟ್ಟಿಗೆಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ಚಿಂತೆ. ಬೇಟೆಯ ಗೋಜಿಗೇ ಹೋಗದೆ ಮಾಂಸವನ್ನು ಮಾತ್ರ ಪಡೆದವರಿಗೆ, ಇದರಲ್ಲಿ ಸೀಸ ಇರುತ್ತದಂತಲ್ಲ, ಮಕ್ಕಳಿಗೆ ಬಡಿಸಬಹುದೇ ಎಂಬ ಆತಂಕ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ಆ ಗುಂಡು ಯಾವ ಲೋಹದ್ದು, ಪ್ರಾಣಿಯ ಮೈಗೆ ಬಿದ್ದ ಮೇಲೆ ಅದು ಏನಾಗುತ್ತದೆ ಎಂಬಲ್ಲಿ.

ತೋಟಾ ಬೇರೆ, ಗುಂಡು ಬೇರೆ

ಮಾತಿನಲ್ಲಿ ಎರಡನ್ನೂ ಗುಂಡು ಎಂದೇ ಕರೆಯುವುದುಂಟು. ಅಂಗಡಿಯಲ್ಲಿ ಸಿಗುವುದು ತೋಟಾ. ಅದರಲ್ಲಿ ನಾಲ್ಕು ಭಾಗಗಳಿವೆ. ಹೊರಗಿನ ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಪುಟ್ಟ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಬಿಗಿಯಾಗಿ ಕೂತ ಗುಂಡು. ಕುದುರೆ (ಟ್ರಿಗರ್) ಎಳೆದಾಗ ಸೂಜಿ ಹೋಗಿ ಕೇಪಿಗೆ ಬಡಿಯುತ್ತದೆ, ಕೇಪಿನ ಕಿಡಿಗೆ ಮದ್ದು ಹೊತ್ತಿಕೊಳ್ಳುತ್ತದೆ, ಅದರ ಅನಿಲ ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುತ್ತದೆ. ಹಿತ್ತಾಳೆ ಕೊಳವೆ ಹಿಂದೆಯೇ ಉಳಿಯುತ್ತದೆ. ಪ್ರಾಣಿಯನ್ನು ತಲುಪುವುದು ಸುಮಾರು ಹತ್ತು ಗ್ರಾಂ ತೂಕದ ಆ ಲೋಹದ ತುಣುಕು ಮಾತ್ರ.

ಮಲೆನಾಡು, ಕೊಡಗಿನಲ್ಲಿ ಬೆಳೆದವರಿಗೆ ಕೋವಿ ಹೊಸದಲ್ಲ. ಆದರೆ ಬೆಳೆ ಕಾಯಲೆಂದು ಪರವಾನಗಿ ಪಡೆದ ನಮ್ಮ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳ ಒಳಮೈ ನುಣುಪಾಗಿರುತ್ತದೆ. ಅವುಗಳಿಂದ ಸಾಮಾನ್ಯವಾಗಿ ಹಾರುವುದು ಚರೆ ಎಂಬ ಸಣ್ಣ ಸಣ್ಣ ಉಂಡೆಗಳು. ರೈಫಲ್ಲಿನ ನಳಿಗೆಯೊಳಗೆ ತಿರುಚಿದ ಗೀರುಗಳಿರುತ್ತವೆ. ಗುಂಡು ಆ ಗೀರುಗಳಿಗೆ ಕಚ್ಚಿಕೊಂಡು ತಿರುಗುತ್ತಲೇ ಹೊರಬರುತ್ತದೆ. ಚಾಟಿ ಎಳೆದು ಬಿಟ್ಟ ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುವ ಹಾಗೆ, ತಿರುಗುವ ಗುಂಡು ಮೂತಿ ಮುಂದಾಗಿಯೇ ಸಾಗುತ್ತದೆ. ಹತ್ತು ಅಂಗುಲಕ್ಕೆ ಒಂದು ಸುತ್ತಿನ ಗೀರುಗಳಿರುವ ಸಾಮಾನ್ಯ ರೈಫಲ್ಲಿನಿಂದ ಹೊರಟ ಗುಂಡು ಸೆಕೆಂಡಿಗೆ ಸುಮಾರು 3,400 ಸಲ ತಿರುಗುತ್ತಿರುತ್ತದೆ. ತಾಮ್ರದ ಗುಂಡಿನ ವಿಷಯ ಬಂದಾಗ ಈ ತಿರುಗುವಿಕೆ ಮತ್ತೆ ಮುಖ್ಯವಾಗುತ್ತದೆ.

ಪೆಟ್ಟಿಗೆಯ ಮೇಲಿನ ಬರಹ

ಒಂದು ಪೆಟ್ಟಿಗೆಯನ್ನು ಕೈಗೆತ್ತಿಕೊಳ್ಳೋಣ. ಅದರ ಮೇಲೆ ‘.30-06 ಸ್ಪ್ರಿಂಗ್‌ಫೀಲ್ಡ್, 150 ಗ್ರೇನ್, ಸಾಫ್ಟ್ ಪಾಯಿಂಟ್’ ಎಂದಿದೆ ಎನ್ನಿ.

ಮೊದಲ ಅಂಕೆ ತೋಟಾದ ಹೆಸರು. ಇಲ್ಲಿ .30 ಎಂದರೆ ಅಂಗುಲದ ನೂರರಲ್ಲಿ ಮೂವತ್ತು ಪಾಲು, ನಳಿಗೆಯ ಒಳಗಲದ ಅಳತೆ. 06 ಎಂದರೆ 1906, ಅಮೆರಿಕದ ಸೈನ್ಯ ಈ ತೋಟಾವನ್ನು ಅಳವಡಿಸಿಕೊಂಡ ವರ್ಷ. ಎಲ್ಲ ಹೆಸರುಗಳಿಗೂ ಇದೇ ಸೂತ್ರ ಅನ್ವಯಿಸುವುದಿಲ್ಲ. .30-30ರ ಎರಡನೆಯ 30 ಎಂಬುದು ಆಗ ತುಂಬುತ್ತಿದ್ದ ಮದ್ದಿನ ತೂಕ. .270 ವಿಂಚೆಸ್ಟರ್, .308 ವಿಂಚೆಸ್ಟರ್, .243 ವಿಂಚೆಸ್ಟರ್, 6.5 ಕ್ರೀಡ್‌ಮೋರ್ ಇವೆಲ್ಲ ಜಿಂಕೆ ಬೇಟೆಯಲ್ಲಿ ಪದೇಪದೇ ಕಿವಿಗೆ ಬೀಳುವ ಹೆಸರುಗಳು. ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಒಂದೇ. ರೈಫಲ್ಲಿನ ನಳಿಗೆಯ ಮೇಲೆ ಯಾವ ಹೆಸರು ಕೊರೆದಿದೆಯೋ ಅದೇ ಹೆಸರಿನ ತೋಟಾವನ್ನೇ ಹಾಕಬೇಕು. ಹತ್ತಿರದ ಹೆಸರಿನದ್ದು ಒಳಗೆ ಕೂತರೂ ಅದು ಅಪಾಯ.

ಎರಡನೆಯ ಅಂಕೆ ಗುಂಡಿನ ತೂಕ. ಗ್ರೇನ್ ಎಂಬುದು ಧಾನ್ಯದ ಕಾಳಿನ ತೂಕದಿಂದ ಹುಟ್ಟಿದ ಹಳೆಯ ಮಾನ. ಒಂದು ಗ್ರೇನ್ ಎಂದರೆ 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. 150 ಗ್ರೇನ್ ಅಂದರೆ 9.7 ಗ್ರಾಂ, 180 ಗ್ರೇನ್ ಅಂದರೆ 11.7 ಗ್ರಾಂ.

ಮೂರನೆಯದು ಗುಂಡಿನ ರಚನೆ. ಕೊಳ್ಳುವವರು ಹೆಚ್ಚಾಗಿ ಮೊದಲೆರಡನ್ನು ನೋಡಿ ಮೂರನೆಯದನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಮೂರರಲ್ಲಿ ಮುಖ್ಯವಾದುದು ಅದೇ.

ಗುಂಡು ಪ್ರಾಣಿಯನ್ನು ಕೊಲ್ಲುವುದು ಹೇಗೆ?

ಹೇಳಲು ಹಿತವಾದ ವಿಷಯವಲ್ಲ. ಆದರೆ ಇದನ್ನು ತಿಳಿಯದೆ ಗುಂಡನ್ನು ಆರಿಸುವುದು ಪ್ರಾಣಿಗೆ ಮಾಡುವ ಅನ್ಯಾಯ.

ಗುಂಡಿನ ಹೊಡೆತಕ್ಕೆ ಜಿಂಕೆ ಹಾರಿಬೀಳುತ್ತದೆ ಎಂಬುದು ಸಿನಿಮಾ ಕಲಿಸಿದ ಕಲ್ಪನೆ. ಪೆಟ್ಟು ಮಿದುಳಿಗೋ ಬೆನ್ನುಹುರಿಗೋ ಬೀಳದಿದ್ದರೆ, ಜಿಂಕೆ ಸಾಯುವುದು ರಕ್ತ ಸೋರಿ, ಮಿದುಳಿಗೆ ರಕ್ತದ ಒತ್ತಡ ಕುಸಿದು. ಹಾಗಾಗಿ ಬೇಟೆಗಾರರು ಗುರಿ ಇಡುವುದು ಮುಂಗಾಲಿನ ಹಿಂದಿನ ಎದೆಗೂಡಿಗೆ. ಅಲ್ಲಿ ಹೃದಯವೂ ಎರಡು ಶ್ವಾಸಕೋಶಗಳೂ ಒತ್ತಾಗಿ ಕೂತಿವೆ. ದೊಡ್ಡ ಜಿಂಕೆಯಲ್ಲೂ ಆ ಜಾಗದ ಅಗಲ ಸುಮಾರು 20ರಿಂದ 25 ಸೆಂಟಿಮೀಟರ್. ಎರಡೂ ಶ್ವಾಸಕೋಶಗಳನ್ನು ತೂರಿದ ಗುಂಡು ಬಿದ್ದರೂ ಜಿಂಕೆ ಐವತ್ತು ಮೀಟರೋ ನೂರು ಮೀಟರೋ ಓಡಿ ಬೀಳಬಹುದು. ಅದು ತಪ್ಪಿದ ಹೊಡೆತವಲ್ಲ, ಮೈಯಲ್ಲಿ ಉಳಿದ ಆಮ್ಲಜನಕ ಅಷ್ಟು ದೂರ ಓಡಿಸುತ್ತದೆ.

ಇದರಿಂದ ಗುಂಡಿಗೆ ಎರಡು ಕೆಲಸ ಬಂತು. ಒಂದು, ಚರ್ಮ, ಮಾಂಸ, ಪಕ್ಕೆಲುಬು ಎಲ್ಲವನ್ನೂ ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಎರಡು, ಹೋದ ದಾರಿಯಲ್ಲಿ ಬೇಗ ರಕ್ತ ಸೋರುವಷ್ಟು ಅಗಲದ ಗಾಯ ಮಾಡುವುದು. ಕಷ್ಟವಿರುವುದು ಇಲ್ಲೇ. ಅಗಲವಾದಷ್ಟೂ ಗುಂಡಿಗೆ ತಡೆ ಹೆಚ್ಚಿ ಅದು ಬೇಗ ನಿಲ್ಲುತ್ತದೆ. ಕಿರಿದಾಗಿಯೇ ಉಳಿದರೆ ಆಳಕ್ಕೆ ಹೋಗುತ್ತದೆ, ಆದರೆ ಗಾಯ ಸಣ್ಣದಾಗಿ ಜಿಂಕೆ ನರಳುತ್ತಾ ಕಾಡಿನೊಳಗೆ ಹೋಗಿಬಿಡುತ್ತದೆ. ನೂರು ವರ್ಷಗಳಿಂದ ಗುಂಡು ತಯಾರಕರು ಬಿಡಿಸಲು ಹೆಣಗುತ್ತಿರುವುದು ಈ ಒಂದು ಗಂಟನ್ನೇ.

ಪೆಟ್ಟಿಗೆಯ ಹಿಂಬದಿಯಲ್ಲಿ ಅಚ್ಚಾಗಿರುವ ಶಕ್ತಿಯ ಅಂಕೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಎರಡು ಗುಂಡುಗಳ ಶಕ್ತಿ ಒಂದೇ ಇದ್ದರೂ ಒಂದು ಮೈಮೇಲೆಯೇ ಚೂರಾಗಬಹುದು, ಇನ್ನೊಂದು ಆರಪಾರ ಹೋಗಬಹುದು. ಶಕ್ತಿ ಎಷ್ಟಿದೆ ಎಂದು ಆ ಅಂಕೆ ಹೇಳುತ್ತದೆ. ಅದು ಎಲ್ಲಿ ಹೇಗೆ ಖರ್ಚಾಗುತ್ತದೆ ಎಂದು ಹೇಳುವುದು ರಚನೆ.

ಅರಳುವ ಗುಂಡು, ಡಮ್‌ಡಮ್ ಮತ್ತು ಹೇಗ್

ಸೈನಿಕರ ಗುಂಡಿಗೆ ಮೂತಿಯಿಂದ ಮೈಪೂರ್ತಿ ಗಟ್ಟಿ ಲೋಹದ ಕವಚ ಇರುತ್ತದೆ. ಅದು ಆಕಾರ ಬಿಡುವುದು ಕಡಿಮೆ. ಬೇಟೆಯ ಗುಂಡಿನ ಮೂತಿ ಮೆದುವಾಗಿರುತ್ತದೆ, ಇಲ್ಲವೇ ಟೊಳ್ಳಾಗಿರುತ್ತದೆ. ಒದ್ದೆಯಾದ ಮಾಂಸಕ್ಕೆ ಬಡಿದ ಕೂಡಲೇ ಅದು ಹಿಂದಕ್ಕೆ ಮಡಚಿಕೊಂಡು ಅಣಬೆಯಂತೆ ಅರಳುತ್ತದೆ. ಗುಂಡಿನ ಅಗಲ ಒಂದೂವರೆ ಪಟ್ಟು, ಎರಡು ಪಟ್ಟು ಆಗುತ್ತದೆ.

ಈ ವಿದ್ಯೆಯ ಕಥೆಯಲ್ಲಿ ಭಾರತದ ಒಂದು ಊರೂ ಇದೆ. ಈಗ ಪಾಕಿಸ್ತಾನದಲ್ಲಿರುವ ಚಿತ್ರಾಲ್‌ನ 1895ರ ದಂಡಯಾತ್ರೆಯಲ್ಲಿ ತಮ್ಮ .303 ರೈಫಲ್ಲಿನ ಪೂರ್ಣ ಕವಚದ ಗುಂಡುಗಳು ಎದುರಾಳಿಯನ್ನು ನಿಲ್ಲಿಸುತ್ತಿಲ್ಲ ಎಂದು ಬ್ರಿಟಿಷರು ಗೊಣಗಿದರು. ಕಲ್ಕತ್ತೆಯ ಬಳಿಯ ಡಮ್‌ಡಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಅಧಿಕಾರಿ, ಮೂತಿಯ ಕವಚವನ್ನು ತೆಗೆದು ಸೀಸ ಹೊರಗೆ ಕಾಣುವಂತಹ ಗುಂಡನ್ನು ಮಾಡಿಸಿದ. ಅದು ಮಾಡಿದ ಗಾಯ ಎಷ್ಟು ಭೀಕರವಾಗಿತ್ತೆಂದರೆ 1899ರ ಹೇಗ್ ಸಮ್ಮೇಳನದಲ್ಲಿ, ಮೈಯೊಳಗೆ ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದು ಎಂಬ ಘೋಷಣೆ ಹೊರಬಿತ್ತು.

ಬೇಟೆಯ ಕಾನೂನು ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಜಿಂಕೆಗೆ ಅರಳುವ ಗುಂಡನ್ನೇ ಬಳಸಬೇಕು, ಪೂರ್ಣ ಕವಚದ್ದು ನಿಷಿದ್ಧ. ಗಾಯಗೊಂಡ ಸೈನಿಕನಿಗೆ ಚಿಕಿತ್ಸೆ ಸಿಕ್ಕಿ ಅವನು ಬದುಕಬೇಕು ಎಂಬುದು ಅಲ್ಲಿನ ಕಾಳಜಿ. ಗಾಯಗೊಂಡ ಜಿಂಕೆಗೆ ಚಿಕಿತ್ಸೆ ಇಲ್ಲ, ಅದು ದಿನಗಟ್ಟಲೆ ನರಳಬಾರದು ಎಂಬುದು ಇಲ್ಲಿನ ಕಾಳಜಿ. ಅಗ್ಗವೆಂದು ಗುರಿ ಅಭ್ಯಾಸಕ್ಕೆ ಕೊಂಡ ಪೂರ್ಣ ಕವಚದ ತೋಟಾವನ್ನು ಕಾಡಿಗೆ ಒಯ್ಯಬಾರದು ಎನ್ನುವುದು ಇದೇ ಕಾರಣಕ್ಕೆ.

ಗುಂಡಿನ ಒಳಗೆ ಏನಿದೆ

ಬಹುಕಾಲದಿಂದ ಇರುವುದು ಸೀಸದ ತಿರುಳಿಗೆ ತಾಮ್ರ ಮಿಶ್ರಲೋಹದ ತೆಳು ಕವಚ ಹೊದಿಸಿದ ಗುಂಡು. ಮೂತಿಯಲ್ಲಿ ಚೂರು ಸೀಸ ಇಣುಕುತ್ತಿರುತ್ತದೆ. ಪೆಟ್ಟಿಗೆಯ ಮೇಲೆ ಸಾಫ್ಟ್ ಪಾಯಿಂಟ್ ಎಂದು ಬರೆಯುವುದು ಇದಕ್ಕೇ. ರೆಮಿಂಗ್ಟನ್ ಕಂಪನಿಯ ಕೋರ್-ಲಾಕ್ಟ್ ಈ ಜಾತಿಯದು. 1939ರಲ್ಲಿ ಬಂದ ಆ ಗುಂಡು ಇಂದಿಗೂ ಮಾರಾಟವಾಗುತ್ತಿದೆ. ಅಗ್ಗ, ಬೇಗ ಅರಳುತ್ತದೆ, ಸಾಧಾರಣ ಗಾತ್ರದ ಜಿಂಕೆಗೆ ಸಾಲುತ್ತದೆ. ದೌರ್ಬಲ್ಯವೆಂದರೆ ಗಟ್ಟಿ ಮೂಳೆಗೆ ಬಡಿದಾಗ, ಅಥವಾ ತೀರಾ ಹತ್ತಿರದಿಂದ ಅತಿ ವೇಗದಲ್ಲಿ ಬಡಿದಾಗ, ಕವಚ ಬೇರೆ ತಿರುಳು ಬೇರೆಯಾಗಿ ಗುಂಡು ಚೆದುರಿಹೋಗುತ್ತದೆ. ಮೈಯೊಳಗೆ ಸಿಗುವ ತುಣುಕನ್ನು ತೂಗಿದರೆ ಅರ್ಧದಷ್ಟೇ ಉಳಿದಿರುವುದು ಸಾಮಾನ್ಯ.

ಈ ದೌರ್ಬಲ್ಯಕ್ಕೆ ಮೊದಲ ದೊಡ್ಡ ಉತ್ತರ ಕೊಟ್ಟವನು ಜಾನ್ ನಾಸ್ಲರ್. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅವನು ಮೂಸ್ ಬೇಟೆಗೆ ಹೋಗಿದ್ದ. ಮೂಸ್ ಎಂದರೆ ಜಿಂಕೆ ಕುಲದಲ್ಲೇ ದೊಡ್ಡದು, ಗಂಡು ನಮ್ಮ ಕಡವೆಯ ಎರಡರಷ್ಟು ತೂಗುತ್ತದೆ. ಎದುರು ಸಿಕ್ಕ ಪ್ರಾಣಿ ಕೆಸರಿನಲ್ಲಿ ಹೊರಳಿ ಬಂದಿತ್ತು, ಮೈಮೇಲೆ ಮಣ್ಣು ಗಟ್ಟಿಕಟ್ಟಿತ್ತು. ನಾಸ್ಲರನ ಶಕ್ತಿಶಾಲಿ ರೈಫಲ್ಲಿನ ವೇಗದ ಗುಂಡುಗಳು ಒಳಗಿಳಿಯದೆ ಹೊರಗೇ ಒಡೆದುಹೋದವು. ಊರಿಗೆ ಮರಳಿದವನು ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಇಟ್ಟ. ಮುಂದಿನ ಕೋಣೆಯ ಸೀಸ ಅರಳಿ ಚೆದುರಿದರೂ ಹಿಂದಿನ ಕೋಣೆ ಗೋಡೆಯ ಮರೆಯಲ್ಲಿ ಇಡಿಯಾಗಿ ಉಳಿದು ಆಳಕ್ಕೆ ನುಗ್ಗುತ್ತದೆ. ಪಾರ್ಟಿಶನ್ ಎಂಬ ಹೆಸರಿನಲ್ಲಿ 1948ರಿಂದ ಮಾರಾಟಕ್ಕೆ ಬಂದ ಈ ಗುಂಡನ್ನು ಈಗಲೂ ಮಾಡುತ್ತಾರೆ. ಅಗಲ ಮತ್ತು ಆಳದ ಜಗಳವನ್ನು ಒಂದೇ ಗುಂಡಿನೊಳಗೆ ಎರಡು ಕೋಣೆ ಮಾಡಿ ತೀರಿಸಿದ ಈ ಯೋಚನೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಇನ್ನೊಂದು ದಾರಿ, ಕವಚ ಮತ್ತು ತಿರುಳನ್ನು ಬೆಸೆದುಬಿಡುವುದು. ಬಾಂಡೆಡ್ ಎಂದು ಬರೆದಿರುವುದು ಇಂಥವು. ಅರಳಿದರೂ ಸೀಸ ಕವಚಕ್ಕೆ ಅಂಟಿಕೊಂಡೇ ಇರುವುದರಿಂದ ತೂಕದ ಬಹುಪಾಲು ಉಳಿಯುತ್ತದೆ.

ಮೂರನೆಯದು ಸೀಸವನ್ನೇ ಬಿಟ್ಟು ಇಡೀ ಗುಂಡನ್ನು ತಾಮ್ರದಲ್ಲಿ, ಇಲ್ಲವೇ ಅದರ ಮಿಶ್ರಲೋಹದಲ್ಲಿ ಮಾಡುವುದು. ಬಾರ್ನ್ಸ್ ಕಂಪನಿ 1989ರಲ್ಲಿ ತಂದ ಎಕ್ಸ್ ಗುಂಡು ಇದನ್ನು ಜನಪ್ರಿಯಗೊಳಿಸಿತು. ಜಿಂಕೆಯ ಮೈಯಿಂದ ತೆಗೆದ ಇಂಥ ಗುಂಡನ್ನು ಅಂಗೈಯಲ್ಲಿಟ್ಟು ನೋಡಿದರೆ ರಚನೆ ತಾನೇ ಅರ್ಥವಾಗುತ್ತದೆ. ಮೂತಿಯ ಟೊಳ್ಳು ನಾಲ್ಕು ಎಸಳಾಗಿ ಸೀಳಿ ಹಿಂದಕ್ಕೆ ಬಾಗಿರುತ್ತದೆ, ಎಸಳುಗಳ ಅಂಚು ಹರಿತವಾಗಿರುತ್ತದೆ, ಬುಡದಲ್ಲಿ ನಳಿಗೆಯ ಗೀರುಗಳ ಗುರುತು ಓರೆಯಾಗಿ ಹಾಗೇ ಉಳಿದಿರುತ್ತದೆ. ತೂಗಿದರೆ ಹೆಚ್ಚುಕಡಿಮೆ ಹೊರಟಾಗಿನ ತೂಕವೇ ಬರುತ್ತದೆ.

ಈಗ ಬಹಳಷ್ಟು ಗುಂಡುಗಳ ತುದಿಯಲ್ಲಿ ಬಣ್ಣದ ಪ್ಲಾಸ್ಟಿಕ್ ಮೊನೆ ಕಾಣುತ್ತದೆ. ಅದು ಗಾಳಿಯನ್ನು ಸೀಳಲು ನೆರವಾಗುತ್ತದೆ, ಬಡಿದಾಗ ಬೆಣೆಯಾಗಿ ಒಳಕ್ಕೆ ತಳ್ಳಿಕೊಂಡು ಅರಳುವಿಕೆಯನ್ನು ಶುರುಮಾಡುತ್ತದೆ. ಆದರೆ ಮೊನೆ ನೋಡಿ ಗುಂಡಿನ ಗುಣ ಹೇಳಲಾಗದು. ಅದರ ಹಿಂದೆ ಸೀಸವೂ ಇರಬಹುದು, ಬೆಸೆದ ತಿರುಳೂ ಇರಬಹುದು, ಬರೀ ತಾಮ್ರವೂ ಇರಬಹುದು.

ವೇಗ ತಗ್ಗಿದರೆ ಏನಾಗುತ್ತದೆ

ಅರಳಲು ಗುಂಡಿಗೆ ಒಂದು ಕನಿಷ್ಠ ವೇಗ ಬೇಕು. ಸಾಮಾನ್ಯ ಸೀಸದ ಗುಂಡಿಗೆ ಅದು ಸೆಕೆಂಡಿಗೆ ಸುಮಾರು 550 ಮೀಟರ್. ತಾಮ್ರ ಗಟ್ಟಿ ಲೋಹವಾದ್ದರಿಂದ ಬಹಳಷ್ಟು ತಾಮ್ರದ ಗುಂಡುಗಳು 600 ಮೀಟರಿಗಿಂತ ಹೆಚ್ಚು ಕೇಳುತ್ತವೆ. ಇದಕ್ಕಿಂತ ನಿಧಾನವಾದರೆ ಗುಂಡು ಅರಳದೆ ಸೂಜಿಯಂತೆ ತೂರಿಹೋಗಬಹುದು.

ಎರಡು ಉದಾಹರಣೆ ನೋಡಿ. .30-06ರ 150 ಗ್ರೇನ್ ಸಾಫ್ಟ್ ಪಾಯಿಂಟ್ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 885 ಮೀಟರ್ ವೇಗದಲ್ಲಿರುತ್ತದೆ. 275 ಮೀಟರ್ ದೂರಕ್ಕೆ ಅದು ಸುಮಾರು 635ಕ್ಕೆ, 365 ಮೀಟರಿಗೆ ಸುಮಾರು 560ಕ್ಕೆ ಇಳಿಯುತ್ತದೆ. ಅಲ್ಲಿಗೆ ಅದು ತನ್ನ ಮಿತಿಯ ಅಂಚಿಗೆ ಬಂತು. 1895ರಿಂದ ಬಳಕೆಯಲ್ಲಿರುವ .30-30 ತೋಟಾ ಅದೇ ತೂಕದ ಗುಂಡನ್ನು ಸುಮಾರು 730 ಮೀಟರ್ ವೇಗದಲ್ಲಿ ಬಿಡುತ್ತದೆ. 90 ಮೀಟರಿಗೆ ಅದು 600, 180 ಮೀಟರಿಗೆ 490. ಮರಗಳು ದಟ್ಟವಾಗಿರುವ ಪೂರ್ವದ ಕಾಡುಗಳಲ್ಲಿ ಜಿಂಕೆ ಕಾಣುವುದೇ ಎಪ್ಪತ್ತು ಎಂಬತ್ತು ಮೀಟರಿನಲ್ಲಿ. ಅಲ್ಲಿ .30-30 ಚೆನ್ನಾಗಿ ಕೆಲಸ ಮಾಡುತ್ತದೆ. ಪಶ್ಚಿಮದ ಬಯಲಿಗೆ ಅದನ್ನು ಒಯ್ದರೆ ಸಾಲುವುದಿಲ್ಲ.

ಆ .30-30ರ ಗುಂಡಿನ ಮೂತಿ ಚಪ್ಪಟೆಯಾಗಿರುವುದಕ್ಕೂ ಕಾರಣವಿದೆ. ಅದನ್ನು ಬಳಸುವ ಹಳೆಯ ಲಿವರ್ ರೈಫಲ್ಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುತ್ತವೆ. ಒಂದರ ಮೂತಿ ಮುಂದಿನದರ ಕೇಪಿಗೆ ತಾಗಿರುತ್ತದೆ. ಮೂತಿ ಚೂಪಾದ ಗಟ್ಟಿ ಲೋಹದ್ದಾದರೆ ಕುಲುಕಾಟಕ್ಕೆ ಕೇಪು ಸಿಡಿದೀತು.

ವೇಗ ಹೆಚ್ಚಿದ್ದರೂ ತೊಂದರೆಯಿದೆ. ಮೂವತ್ತು ಮೀಟರಿನಲ್ಲಿ ನಿಂತ ಜಿಂಕೆಯ ಭುಜಕ್ಕೆ ವೇಗದ ಮೆದು ಗುಂಡು ಬಿದ್ದರೆ ಮೇಲುಮೇಲೆಯೇ ಒಡೆಯಬಹುದು, ಸುತ್ತಲಿನ ಮಾಂಸವೆಲ್ಲ ರಕ್ತಗಟ್ಟಿ ಹಾಳಾಗುತ್ತದೆ. ಆದ್ದರಿಂದ ಗುಂಡನ್ನು ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು, ನಾನು ಎಷ್ಟು ದೂರದಿಂದ ಹೊಡೆಯುವ ಸಂಭವ ಹೆಚ್ಚು ಎಂದು.

ಯಾವ ಪ್ರಾಣಿಗೆ ಎಷ್ಟು ತೂಕ

ಬಿಳಿಬಾಲದ ಜಿಂಕೆಯ ಗಂಡು ಹೆಚ್ಚಿನ ಕಡೆ 60ರಿಂದ 130 ಕಿಲೋ ತೂಗುತ್ತದೆ. ನಮ್ಮ ಚುಕ್ಕೆ ಜಿಂಕೆಗಿಂತ ಸ್ವಲ್ಪ ದೊಡ್ಡದು ಎನ್ನಬಹುದು. ಮೂಳೆ ತೀರಾ ದಪ್ಪವಲ್ಲ. ಇದಕ್ಕೆ .243ರಲ್ಲಿ 95 ಅಥವಾ 100 ಗ್ರೇನ್, .270ರಲ್ಲಿ 130, 6.5 ಕ್ರೀಡ್‌ಮೋರ್‌ನಲ್ಲಿ 140ರ ಆಸುಪಾಸು, .308 ಮತ್ತು .30-06ರಲ್ಲಿ 150 ಗ್ರೇನ್ ರೂಢಿಯಲ್ಲಿವೆ. ರಚನೆ ಸಾಧಾರಣ ಸಾಫ್ಟ್ ಪಾಯಿಂಟ್ ಆದರೂ ನಡೆಯುತ್ತದೆ.

ಜಿಂಕೆ ಕುಲದ್ದೇ ಆದ ಎಲ್ಕ್‌ನ ಮಾತು ಬೇರೆ. ರಾಕಿ ಪರ್ವತಗಳ ಗಂಡು ಎಲ್ಕ್ 300 ಕಿಲೋ ಮೀರುತ್ತದೆ, ಭುಜದ ಮೂಳೆ ದಪ್ಪ, ಎದೆಗೂಡು ಆಳ. ಅಲ್ಲಿ 165ರಿಂದ 180 ಗ್ರೇನ್ ತೂಕದ, ಒಡೆಯದ ರಚನೆಯ ಗುಂಡು ಬೇಕು. ಒಂದೇ ಅಗಲದ ಎರಡು ಗುಂಡುಗಳಲ್ಲಿ ಹೆಚ್ಚು ತೂಕದ್ದು ಹೆಚ್ಚು ಉದ್ದವಿರುತ್ತದೆ. ಅಷ್ಟೇ ಕಿರಿದಾದ ದಾರಿಯನ್ನು ಹೆಚ್ಚು ತೂಕ ಹಿಂದಿನಿಂದ ತಳ್ಳುವುದರಿಂದ, ರಚನೆಯೂ ವೇಗವೂ ಸಮನಾಗಿದ್ದಾಗ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ.

ಹಾಗೆಂದು ಜಿಂಕೆಗೂ ಎಲ್ಕ್‌ನ ಗುಂಡನ್ನೇ ಹಾಕಿದರೆ ಲಾಭವಿಲ್ಲ. ತೀರಾ ಗಟ್ಟಿಯಾದ ಗುಂಡು ಜಿಂಕೆಯ ತೆಳು ಪಕ್ಕೆಯನ್ನು ಅರಳುವ ಮೊದಲೇ ದಾಟಿಬಿಡಬಹುದು. ಭಾರದ ಗುಂಡು ಪೊದೆಯನ್ನು ಸೀಳಿಕೊಂಡು ನೆಟ್ಟಗೆ ಹೋಗುತ್ತದೆ ಎಂಬ ನಂಬಿಕೆಯೂ ಹುಸಿ. ಸಣ್ಣ ಟೊಂಗೆಗೆ ತಾಗಿದರೂ ಯಾವುದೇ ಗುಂಡು ದಾರಿ ತಪ್ಪಬಹುದು.

ಕೆಲವು ರಾಜ್ಯಗಳು ಕನಿಷ್ಠ ಮಟ್ಟವನ್ನು ಕಾನೂನಿನಲ್ಲೇ ಬರೆದಿವೆ. ಕೊಲರಾಡೊದಲ್ಲಿ ರೈಫಲ್ ಕನಿಷ್ಠ .24 ಅಳತೆಯದಾಗಿರಬೇಕು, ಗುಂಡು ಅರಳುವಂಥದ್ದಿರಬೇಕು, ಜಿಂಕೆಗೆ 70 ಗ್ರೇನ್‌ಗೂ ಎಲ್ಕ್ ಮತ್ತು ಮೂಸ್‌ಗೆ 85 ಗ್ರೇನ್‌ಗೂ ಕಡಿಮೆ ತೂಗಬಾರದು. ಜನವಸತಿ ಹೆಚ್ಚಿರುವ ಸಮತಟ್ಟು ನಾಡಾದ ಓಹಾಯೊದಲ್ಲಿ ಚಿಂತೆಯೇ ಬೇರೆ. ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹಾರುತ್ತದೆ ಎಂಬ ಕಾರಣಕ್ಕೆ ಅಲ್ಲಿ ಬಹುಕಾಲ ಜಿಂಕೆಗೆ ರೈಫಲ್ಲನ್ನೇ ಬಿಟ್ಟಿರಲಿಲ್ಲ. ನೇರ ಕೊಳವೆಯ, ಕಡಿಮೆ ವ್ಯಾಪ್ತಿಯ ತೋಟಾಗಳಿಗೆ 2014ರಲ್ಲಿ ಅವಕಾಶ ಸಿಕ್ಕಿತು.

ಸೀಸದ ಪ್ರಶ್ನೆ

ಈಗ ಕಾಗದದಲ್ಲಿ ಸುತ್ತಿ ಬಂದ ಮಾಂಸಕ್ಕೆ ಬರೋಣ. ಸೀಸದ ಗುಂಡು ಅರಳುವಾಗ ತೂಕ ಕಳೆದುಕೊಳ್ಳುತ್ತದೆ ಎಂದೆವು. ಕಳೆದ ತೂಕ ಎಲ್ಲಿಗೂ ಹೋಗಿಲ್ಲ, ಮಾಂಸದಲ್ಲೇ ಇದೆ. ಕಣ್ಣಿಗೆ ಕಾಣದಷ್ಟು, ಹಲ್ಲಿಗೆ ಸಿಗದಷ್ಟು ಸಣ್ಣ ಚೂರುಗಳಾಗಿ.

2008ರಲ್ಲಿ ನಾರ್ತ್ ಡಕೋಟಾದಲ್ಲಿ, ಬೇಟೆಗಾರರು ಬಡವರಿಗೆಂದು ದಾನ ಕೊಟ್ಟ ಜಿಂಕೆ ಕೀಮಾದ ಪೊಟ್ಟಣಗಳನ್ನು ಎಕ್ಸ್-ರೇ ಮಾಡಿ ನೋಡಿದಾಗ ಲೋಹದ ಚೂರುಗಳು ಕಂಡವು. ದಾನದ ಕೀಮಾವನ್ನು ಎಸೆಯಿರಿ ಎಂದು ರಾಜ್ಯ ಸೂಚಿಸಿತು. ಆ ಬಳಿಕ ಫೆಡರಲ್ ಆರೋಗ್ಯ ಸಂಸ್ಥೆ ಸಿಡಿಸಿ ಅಲ್ಲಿನ 738 ಜನರ ರಕ್ತ ಪರೀಕ್ಷಿಸಿತು. ಬೇಟೆ ಮಾಂಸ ತಿನ್ನುವವರ ರಕ್ತದಲ್ಲಿ ಸೀಸದ ಪ್ರಮಾಣ ತಿನ್ನದವರಿಗಿಂತ ತುಸು ಹೆಚ್ಚಿತ್ತು, ಆದರೆ ಯಾರಲ್ಲೂ ಆಗ ಅಪಾಯವೆನ್ನುತ್ತಿದ್ದ ಮಟ್ಟ ಮುಟ್ಟಿರಲಿಲ್ಲ. ಇದನ್ನು ಕೆಲವರು ಸಮಾಧಾನದ ಸುದ್ದಿಯಾಗಿ ಓದಿದರು. ಆದರೆ ಮಕ್ಕಳ ಮಟ್ಟಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುವುದು ಸಿಡಿಸಿಯ ಇಂದಿನ ನಿಲುವು.

ಅದೇ ವರ್ಷ ಮಿನ್ನೆಸೋಟಾದ ನೈಸರ್ಗಿಕ ಸಂಪನ್ಮೂಲ ಇಲಾಖೆ ಸತ್ತ ಕುರಿಗಳ ಮೇಲೆ ಬೇರೆ ಬೇರೆ ಗುಂಡು ಹಾರಿಸಿ ಎಕ್ಸ್-ರೇ ತೆಗೆಯಿತು. ಬೇಗ ಅರಳುವ ಸೀಸದ ಗುಂಡು ಒಂದೊಂದು ಕಳೇಬರದಲ್ಲಿ ಸರಾಸರಿ ನೂರಕ್ಕೂ ಹೆಚ್ಚು ಚೂರು ಬಿಟ್ಟಿತ್ತು. ಕೆಲವು ಚೂರುಗಳು ಗಾಯದಿಂದ ಒಂದು ಅಡಿಗೂ ಆಚೆ ಸಿಕ್ಕವು. ತಾಮ್ರದ ಗುಂಡು ಬಿಟ್ಟ ಚೂರು ಬೆರಳೆಣಿಕೆಯಷ್ಟು, ಅದೂ ಸೀಸವಲ್ಲ.

ಮನೆಗೆ ಮಾಂಸ ಬಂದವರು ಕೊಟ್ಟವರನ್ನು ಸಂಕೋಚವಿಲ್ಲದೆ ಕೇಳಬಹುದು, ಯಾವ ಗುಂಡು ಬಳಸಿದಿರಿ ಎಂದು. ಬೇಟೆಗಾರರಿಗೆ ಅದು ಅಸಭ್ಯ ಪ್ರಶ್ನೆಯಲ್ಲ, ಖುಷಿಯಿಂದಲೇ ಹೇಳುತ್ತಾರೆ. ಪೂರ್ತಿ ತಾಮ್ರದ್ದು ಎಂದರೆ ಸೀಸದ ಚಿಂತೆಯಿಲ್ಲ. ಸೀಸ ಎಂದರೆ, ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಬಿಸಾಡಿದ್ದಾರೆಯೇ ಎಂದು ಕೇಳಿ. ತೊಡೆಯ ಇಡೀ ತುಂಡಿಗಿಂತ ಕೀಮಾದಲ್ಲಿ ಚೂರು ಬೆರೆಯುವ ಸಂಭವ ಹೆಚ್ಚು. ಗಾಯದ ಮಾಂಸವನ್ನು ನೀರಿನಲ್ಲಿ ತೊಳೆಯುವುದರಿಂದ ಚೂರು ಹೋಗುವುದಿಲ್ಲ, ಬೇರೆ ಕಡೆಗೆ ಹರಡುತ್ತದೆ. ಹುಣಸೆಹುಳಿ, ವಿನಿಗರ್‌ನಂತಹ ಹುಳಿ ಹಾಕಿ ಬೇಯಿಸಿದರೆ ಸೀಸ ಇನ್ನಷ್ಟು ಕರಗಿ ಸಾರಿಗೆ ಇಳಿಯುತ್ತದೆ. ನಮ್ಮ ಅಡುಗೆಯಲ್ಲಿ ಹುಳಿ ಹೆಚ್ಚಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಸೀಸದ ಗುಂಡಿನ ಮಾಂಸ ಕೊಡದಿರುವುದೇ ಸರಿ.

ಮನುಷ್ಯರಿಗಿಂತ ಹೆಚ್ಚು ಪೆಟ್ಟು ತಿಂದದ್ದು ಹಕ್ಕಿಗಳು. ಬೇಟೆಗಾರರು ಜಿಂಕೆಯ ಕರುಳು, ಒಳಅಂಗಗಳನ್ನು ಕಾಡಿನಲ್ಲೇ ಬಿಟ್ಟು ಬರುತ್ತಾರೆ. ಹದ್ದು, ರಣಹದ್ದುಗಳಿಗೆ ಅದು ಹಬ್ಬದೂಟ. ಆ ಊಟದಲ್ಲಿ ಸೀಸದ ಚೂರುಗಳಿದ್ದರೆ ಹೊಟ್ಟೆಯ ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತವೆ. ಸುಮಾರು ಮೂರು ಮೀಟರ್ ರೆಕ್ಕೆಯಗಲದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದಿನ ಸಂಖ್ಯೆ 1982ರ ಹೊತ್ತಿಗೆ 22ಕ್ಕೆ ಇಳಿದಿತ್ತು. ಉಳಿದವನ್ನೆಲ್ಲ 1987ರ ವೇಳೆಗೆ ಹಿಡಿದು, ಮರಿ ಮಾಡಿಸಿ, 1992ರಿಂದ ಮತ್ತೆ ಕಾಡಿಗೆ ಬಿಡತೊಡಗಿದರು. ಹಾಗೆ ಬಿಟ್ಟ ಹಕ್ಕಿಗಳನ್ನು ಅತಿ ಹೆಚ್ಚು ಕೊಂದದ್ದು ಸೀಸದ ವಿಷ. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಲ್ಲಿಸಿತು. ಆರಿಜೋನಾ ನಿಷೇಧಕ್ಕೆ ಹೋಗದೆ, ಕಾಂಡೋರ್ ಇರುವ ಕಾಡಿನ ಬೇಟೆಗಾರರಿಗೆ ಸೀಸವಿಲ್ಲದ ತೋಟಾಗಳನ್ನು ಉಚಿತವಾಗಿ ಹಂಚಿ ಮನವೊಲಿಸುವ ದಾರಿ ಹಿಡಿಯಿತು. ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ಬೇಟೆಯ ರೈಫಲ್ ಗುಂಡುಗಳಲ್ಲೂ ಸೀಸವನ್ನು ನಿಷೇಧಿಸಿದೆ.

ಹೊಸದಾಗಿ ಬೇಟೆಗೆ ಇಳಿಯುವವರು ಮೊದಲಿನಿಂದಲೇ ತಾಮ್ರವನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ. ಪೆಟ್ಟಿಗೆಗೆ ಬೆಲೆ ಹೆಚ್ಚು ನಿಜ. ಆದರೆ ಒಂದು ಋತುವಿನಲ್ಲಿ ಪ್ರಾಣಿಯ ಮೇಲೆ ಹಾರಿಸುವುದು ಒಂದೋ ಎರಡೋ ಗುಂಡು.

ತಾಮ್ರಕ್ಕೆ ಬದಲಾಗುವವರು ಗಮನಿಸಬೇಕಾದ್ದು

ತಾಮ್ರ ಸೀಸಕ್ಕಿಂತ ಹಗುರ. ಘನ ಸೆಂಟಿಮೀಟರಿಗೆ ಸೀಸ 11.3 ಗ್ರಾಂ, ತಾಮ್ರ 9 ಗ್ರಾಂ. ಹಾಗಾಗಿ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಿರುತ್ತದೆ. ಉದ್ದದ ಗುಂಡು ನೆಟ್ಟಗೆ ಹಾರಬೇಕಾದರೆ ಇನ್ನೂ ಬಿರುಸಾಗಿ ತಿರುಗಬೇಕು, ಹಳೆಯ ರೈಫಲ್ಲಿನ ಗೀರುಗಳ ತಿರುವು ಅದಕ್ಕೆ ಸಾಲದಿರಬಹುದು. ಪರಿಹಾರ ಸುಲಭ, ಒಂದು ಮೆಟ್ಟಿಲು ಕೆಳಗಿನ ತೂಕ ತೆಗೆದುಕೊಳ್ಳುವುದು. ಸೀಸದಲ್ಲಿ 180 ಗ್ರೇನ್ ಬಳಸುತ್ತಿದ್ದವರು ತಾಮ್ರದಲ್ಲಿ 165ಕ್ಕೆ ಅಥವಾ 150ಕ್ಕೆ ಇಳಿಯಬಹುದು. ತೂಕ ಕಳೆದುಕೊಳ್ಳದ ಗುಂಡಾದ್ದರಿಂದ ಆಳದಲ್ಲಿ ನಷ್ಟವಾಗುವುದಿಲ್ಲ, ಹಗುರವಾದಷ್ಟೂ ವೇಗ ಹೆಚ್ಚಿ ಅರಳುವಿಕೆಗೂ ಅನುಕೂಲ.

ಕೊಳ್ಳುವ ಮುನ್ನ ಕಾನೂನು

ಪ್ರತಿ ರಾಜ್ಯದ ವನ್ಯಜೀವಿ ಇಲಾಖೆ ವರ್ಷವೂ ನಿಯಮದ ಪುಸ್ತಿಕೆ ಹೊರತರುತ್ತದೆ. ಯಾವ ತೋಟಾ, ಎಷ್ಟು ಕಿತ್ತಳೆ ಬಟ್ಟೆ, ಯಾವ ದಿನ, ಎಲ್ಲ ಅದರಲ್ಲಿದೆ. ಹೊಸಬರಿಗೆ ಬೇಟೆ ಸುರಕ್ಷತೆಯ ತರಗತಿ ಹೆಚ್ಚಿನ ಕಡೆ ಕಡ್ಡಾಯ.

ಹೆಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದಲ್ಲಿರುವ ನಮ್ಮವರು ಇನ್ನೊಂದು ವಿಷಯ ತಿಳಿದಿರಲೇಬೇಕು. ಅಂಥವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ರಾಜ್ಯವೊಂದು ಕೊಟ್ಟ ಬೇಟೆ ಪರವಾನಗಿ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ. ಪರವಾನಗಿಯ ಅವಧಿ ಮುಗಿದ ಮೇಲೆ ಮನೆಯಲ್ಲಿ ಉಳಿದ ಅರ್ಧ ಪೆಟ್ಟಿಗೆ ತೋಟಾ ಕೂಡ ತೊಂದರೆ ತರಬಲ್ಲದು.

ಊರಿಗೆ ಬಂದಾಗ ಈ ಜ್ಞಾನ ಬಳಸಲು ದಾರಿಯಿಲ್ಲ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ಹಕ್ಕು, ಬೇಟೆಯ ಹಕ್ಕಲ್ಲ.

ಗುರಿ ಹೊಂದಿಸುವುದು

ಒಂದೇ ರೈಫಲ್ಲಿನಿಂದ ಬೇರೆ ಬೇರೆ ಗುಂಡು ಹಾರಿಸಿದರೆ ಅವು ಒಂದೇ ಜಾಗಕ್ಕೆ ಬೀಳುವುದಿಲ್ಲ. ತೂಕ, ವೇಗ, ರಚನೆ ಬದಲಾದಂತೆ ನೂರು ಮೀಟರಿನಲ್ಲೇ ಕೆಲವು ಸೆಂಟಿಮೀಟರ್ ಆಚೀಚೆಯಾಗುತ್ತದೆ. ಆದ್ದರಿಂದ ಒಂದು ಬಗೆಯನ್ನು ಆರಿಸಿದ ಮೇಲೆ ಅದರದೇ ಎರಡು ಮೂರು ಪೆಟ್ಟಿಗೆ ಒಟ್ಟಿಗೆ ಕೊಂಡು, ಗುರಿ ಅಭ್ಯಾಸದ ಮೈದಾನದಲ್ಲಿ ಅದೇ ತೋಟಾದಿಂದ ರೈಫಲ್ಲಿನ ಮೇಲಿನ ಗುರಿ ನೋಡುವ ದೂರದರ್ಶಕವನ್ನು ಹೊಂದಿಸಿಕೊಳ್ಳಬೇಕು. ಸೀಸದಿಂದ ತಾಮ್ರಕ್ಕೆ ಹೋಗುವವರು ಮೊದಲು ನಳಿಗೆಯ ಒಳಗಿನ ಹಳೆಯ ಲೋಹದ ಲೇಪವನ್ನು ಚೆನ್ನಾಗಿ ತಿಕ್ಕಿ ತೆಗೆದು ಹೊಂದಿಸಿದರೆ ಗುಂಡುಗಳು ಒತ್ತಾಗಿ ಬೀಳುವ ಸಾಧ್ಯತೆ ಹೆಚ್ಚು. ಮೇಜಿನ ಮೇಲೆ ಒರಗಿಸಿ ಹೊಂದಿಸಿದ ಬಳಿಕ, ಕಾಡಿನಲ್ಲಿ ಹೇಗೆ ಹೊಡೆಯುತ್ತೀರೋ ಹಾಗೆ ಕೂತು, ಮಂಡಿಯೂರಿ ಕೆಲವು ಗುಂಡು ಹಾರಿಸಿ ನೋಡಿ. ಎಷ್ಟು ದೂರದವರೆಗೆ ನಿಮ್ಮ ಗುಂಡುಗಳೆಲ್ಲವೂ ಜಿಂಕೆಯ ಎದೆಗೂಡಿನ ಅಗಲದ ತಟ್ಟೆಯೊಳಗೆ ಬೀಳುತ್ತವೆಯೋ, ಪೆಟ್ಟಿಗೆಯ ಅಂಕೆಗಳು ಏನೇ ಹೇಳಲಿ, ನಿಮ್ಮ ಬೇಟೆಯ ದೂರ ಅಷ್ಟೇ.